ಡಾಕ್ಟರಮ್ಮನಿಗೆ ಮುಟ್ಟದ ಮಾತು

ಕೌಸ್ತುಭ ಆ ದವಾಖಾನೆಗೆ ಹೋದದ್ದು ಒಂದು ಸರ್ಟಿಫಿಕೇಟಿಗಾಗಿ. ಬಡವರಿಗೆ ಕೈಲಾದ ಸಹಾಯ ಮಾಡಬೇಕೆಂದು ಹೋದೆ ಅಂತ ಅವನು ಆಮೇಲೆ ಕೆಲವರ ಮುಂದೆ ಹೇಳಿದ್ದುಂಟು. ಅದು ಸುಳ್ಳು.

ಅದು ಎರಡು ಸಾವಿರದ ಆರನೆಯ ಇಸವಿ. ಮಾದಾಪುರದ ಬಂಡೆಗಳನ್ನು ಸಿಡಿಸಿ ಸಿಡಿಸಿ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ಹೈದರಾಬಾದಿನಲ್ಲಿ ಇಂಜಿನಿಯರಿಂಗ್ ಓದುವವರ ಕಣ್ಣೆಲ್ಲ ಆ ಗಾಜಿನ ಮೇಲೆಯೇ. ಕೌಸ್ತುಭ ಮೂರನೆಯ ವರ್ಷ ಮುಗಿಸಿದ್ದ. ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಸರ್ ಅವನ ಅರ್ಜಿಯಲ್ಲಿ ಖಾಲಿ ಬಿಟ್ಟಿದ್ದ ಒಂದು ಜಾಗವನ್ನು ಪೆನ್ನಿನಿಂದ ಕುಟ್ಟಿ ತೋರಿಸಿದ್ದರು. "ಮಾರ್ಕ್ಸು ಎಲ್ಲರಿಗೂ ಇವೆ. ಇಂಟರ್ನ್‌ಶಿಪ್ ಕೊಡೋ ಕಂಪನಿಯವರು ಈಗ ಇದನ್ನ ನೋಡ್ತಾರೆ. ಸಮಾಜ ಸೇವೆ. ಏನಾದರೂ ಮಾಡಿ ತುಂಬಿಸು."

ಅವನ ತಂದೆ ಶ್ರೀನಿವಾಸರಾಯರು ಅಂಚೆ ಇಲಾಖೆಯಲ್ಲಿದ್ದರು. ಅಜ್ಜನ ಕಾಲಕ್ಕೆ ರಾಯಚೂರು ಬಿಟ್ಟು ಬಂದು ಕಾಚಿಗುಡಾದಲ್ಲಿ ನೆಲೆಸಿದ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಹಿಂದಿ. ಕೋಠಿ ಬಜಾರದ ಹಿಂದಿನ ಗಲ್ಲಿಯಲ್ಲಿ ಒಂದು ಧರ್ಮಾರ್ಥ ದವಾಖಾನೆ ಇತ್ತು. ಯಾದಗಿರಿ, ಶಹಾಪುರ, ದೇವದುರ್ಗದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಜನ ಅಲ್ಲಿಗೆ ಬರುತ್ತಿದ್ದರು. ಅವರಿಗೆ ತೆಲುಗು ಬರದು, ಡಾಕ್ಟರಿಗೆ ಕನ್ನಡ ಬರದು. "ಅಲ್ಲೆ ಕನ್ನಡ ಬರೋ ಹುಡುಗರು ಬೇಕಾಗ್ಯಾರಂತ. ಅರವತ್ತು ತಾಸು ಕೂತ್ರ ಸರ್ಟಿಫಿಕೇಟ್ ಕೊಡ್ತಾರ," ಎಂದು ತಂದೆಯೇ ತಿಳಿದುಕೊಂಡು ಬಂದರು.

ಅಲ್ಲಿಯವರೆಗೆ ಆ ಕೆಲಸವನ್ನು ಸುಗಲಮ್ಮ ಎಂಬ ಆಯಾ ಮಾಡುತ್ತಿದ್ದಳು. ದೇವದುರ್ಗದ ಕಡೆಯವಳು. ನೆಲ ಒರೆಸುತ್ತಿದ್ದವಳನ್ನು ಯಾರಾದರೂ ಕೂಗಿದರೆ, ಒರೆಸುವ ಕೋಲು ಗೋಡೆಗೆ ಆನಿಸಿ ಬಂದು ನಾಲ್ಕು ಮಾತು ಹೇಳಿ ಹೋಗುತ್ತಿದ್ದಳು. ಕೌಸ್ತುಭನಿಗೆ ಮೇಜು, ಕುರ್ಚಿ, ಮೂರು ಭಾಷೆಯಲ್ಲಿ 'ಸಹಾಯ ಕೇಂದ್ರ' ಎಂದು ಬರೆದ ಬೋರ್ಡು, ಕುತ್ತಿಗೆಗೆ ಹಾಕಿಕೊಳ್ಳಲು ಕಾರ್ಡು ಎಲ್ಲವನ್ನೂ ಕೊಟ್ಟರು. ಸುಗಲಮ್ಮ ಮತ್ತೆ ಬರೀ ನೆಲ ಒರೆಸತೊಡಗಿದಳು.

ಮೊದಲ ವಾರ ಅವನಿಗೆ ನಿಜವಾಗಿಯೂ ಖುಷಿಯಾಯಿತು. ಕಾಲೇಜಿನಲ್ಲಿ ಗೆಳೆಯರ ನಡುವೆ ಅಜ್ಜಿಯ ಫೋನು ಬಂದರೆ ಪಕ್ಕಕ್ಕೆ ಸರಿದು ಮೆಲ್ಲಗೆ ಮಾತಾಡುತ್ತಿದ್ದ ಅದೇ ಕನ್ನಡಕ್ಕೆ ಇಲ್ಲಿ ಜನ ಕೈ ಮುಗಿಯುತ್ತಿದ್ದರು. ಅಪ್ಪನ ವಯಸ್ಸಿನವರು ಸರ್ ಎನ್ನುತ್ತಿದ್ದರು. ಮುದುಕನೊಬ್ಬ ಅವನ ಎರಡೂ ಕೈ ಹಿಡಿದು, "ನಮ್ಮ ಮಾತು ಕೇಳಿ ಜೀವಕ್ಕ ಆರಾಮ ಆತಪ್ಪ," ಎಂದು ಕಣ್ಣೀರು ಹಾಕಿದ್ದ. ಬಸ್ಸಿನಲ್ಲಿ ಮನೆಗೆ ಹೋಗುವಾಗ ತಾನು ಒಳ್ಳೆಯವನು ಎಂಬ ಭಾವನೆ ಎದೆಯಲ್ಲಿ ತುಂಬಿಕೊಳ್ಳುತ್ತಿತ್ತು. ಅದರ ರುಚಿ ಅವನಿಗೆ ಹತ್ತಿತು.

ಆದರೆ ಅವನಲ್ಲಿ ಒಂದು ದೋಷ ಇತ್ತು. ಹಳ್ಳಿಯ ಜನರ ಮಾತಿನಲ್ಲಿ ಎಷ್ಟೋ ಅವನಿಗೆ ತಿಳಿಯುತ್ತಿರಲಿಲ್ಲ. ತಿಳಿಯಲಿಲ್ಲ ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಕನ್ನಡ ಬರುತ್ತದೆಂದೇ ಕುರ್ಚಿ ಕೊಟ್ಟಿರುವಾಗ ಕನ್ನಡದ ಮಾತು ತಿಳಿಯಲಿಲ್ಲ ಎನ್ನುವುದು ಹೇಗೆ? ಒಮ್ಮೆ ಒಬ್ಬ, "ಹೊಟ್ಟಿ ತೊಳಸತೈತ್ರಿ," ಎಂದಾಗ ಹೊಟ್ಟೆನೋವೆಂದು ಹೇಳಿಬಿಟ್ಟಿದ್ದ. ವಾಂತಿ ಬಂದಂತಾಗುತ್ತದೆ ಎಂದು ಆ ಮನುಷ್ಯ ಹೇಳಿದ್ದು. ಏನೂ ಅನಾಹುತ ಆಗಲಿಲ್ಲ. ಹೀಗೆ ಏನೂ ಆಗದ್ದರಿಂದ ಅವನಿಗೆ ಧೈರ್ಯ ಬಂತು.

ಜುಲೈ ತಿಂಗಳ ಒಂದು ಬೆಳಿಗ್ಗೆ ಗದಿಗೆಮ್ಮ ಬಂದಳು. ಇಪ್ಪತ್ತೈದು ಇಪ್ಪತ್ತಾರರ ಹೆಂಗಸು, ಶಹಾಪುರ ತಾಲೂಕಿನವಳು. ಮಿಯಾಪುರದಲ್ಲಿ ದೊಡ್ಡ ಅಪಾರ್ಟ್‌ಮೆಂಟಿನ ಕೆಲಸದಲ್ಲಿದ್ದಳು. ಉಸುಕಿನ ಪುಟ್ಟಿ ಹೊತ್ತು ಮೆಟ್ಟಿಲು ಹತ್ತುವಾಗ ಜಾರಿ ಬಿದ್ದು ಸೊಂಟ ಹಿಡಿದಿತ್ತು. ಗಂಡ ಸಾಬಣ್ಣ ಚೀಟಿ ಮಾಡಿಸಿ ಕೊಟ್ಟು ಹೊರಗೇ ನಿಂತಿದ್ದ. ಅವಳನ್ನು ಕೌಸ್ತುಭ ಡಾಕ್ಟರ್ ವಸುಂಧರಾ ಅವರ ಕೋಣೆಗೆ ಕರೆದುಕೊಂಡು ಹೋದ.

ಅಂದು ಅವನ ಮನಸ್ಸು ಅಲ್ಲಿರಲಿಲ್ಲ. ಹನ್ನೆರಡೂವರೆಗೆ ಮಾದಾಪುರದಲ್ಲಿ ಇಂಟರ್ವ್ಯೂ ಇತ್ತು. ಇಸ್ತ್ರಿ ಮಾಡಿದ ಅಂಗಿ, ಟೈ ಚೀಲದಲ್ಲಿದ್ದವು. ಗೋಡೆಯ ಗಡಿಯಾರ ಹತ್ತೂ ಮುಕ್ಕಾಲು ತೋರಿಸುತ್ತಿತ್ತು. ಕೋಠಿಯಿಂದ ಹೊರಡುವ 127ಕೆ ಬಸ್ಸು ತಪ್ಪಿದರೆ ಅಷ್ಟೇ.

ಐವತ್ತರ ಆಸುಪಾಸಿನ ವಸುಂಧರಾ ಬೇಗಬೇಗನೆ ಮಾತಾಡುವವರು. ಅವಳ ಸೊಂಟ ಒತ್ತಿ ನೋಡಿದರು. ಎಕ್ಸ್‌ರೇ ಬರೆಯುವ ಮುಂಚೆ ಪೆನ್ನು ನಿಲ್ಲಿಸಿ, ತೆಲುಗಿನಲ್ಲಿ ಕೌಸ್ತುಭನಿಗೆ ಹೇಳಿದರು: "ತಿಂಗಳ ಮುಟ್ಟು ಸರಿಯಾಗಿ ಆಗ್ತಿದೆಯಾ ಕೇಳು."

ಕೌಸ್ತುಭನ ಮುಖ ಬಿಸಿಯಾಯಿತು. ಬಾಗಿಲು ತೆರೆದೇ ಇತ್ತು. ಹೊರಗೆ ಸಾಲಿನಲ್ಲಿ ಕೂತವರೆಲ್ಲ ಒಳಗೇ ನೋಡುತ್ತಿದ್ದರು. ಗದಿಗೆಮ್ಮನ ಕಡೆ ನೋಡದೆ, ಮೇಜಿನ ಮೇಲಿನ ಬಿ.ಪಿ. ಯಂತ್ರ ನೋಡುತ್ತ, "ಅಕ್ಕಾರ, ಅದು... ತಿಂಗಳಿಂದು... ಎಲ್ಲ ಸರಿ ಐತೇನ್ರಿ?" ಎಂದ.

ಅವಳು ಸೆರಗು ಬಾಯಿಗೆ ಅಡ್ಡ ಹಿಡಿದಳು. ನೆಲ ನೋಡುತ್ತ ಹೇಳಿದಳು: "ಎರಡು ತಿಂಗಳಾತ್ರಿ, ಹೊರಗಾಗಿಲ್ಲ. ಹಿಂದ ಒಂದು ಹೋಗೈತ್ರಿ. ಅದನ್ನೂ ಡಾಕ್ಟರಮ್ಮಗ ಹೇಳ್ರಿ."

ಎರಡು ತಿಂಗಳಿಂದ ಹೊರಗೆ ಆಗಿಲ್ಲ. ಅಂದರೇನು? ಮನೆಯಿಂದ ಹೊರಗೆ ಹೋಗಿಲ್ಲವೆ? ದಿನಾ ಕೆಲಸಕ್ಕೆ ಹೋಗುತ್ತಾಳಲ್ಲ. ಹಿಂದೆ ಏನು ಹೋಗಿದೆ? ಅವನಿಗೆ ತಿಳಿಯಲಿಲ್ಲ. ಮತ್ತೆ ಕೇಳಬೇಕೆಂದರೆ ಆ ಮಾತನ್ನು ಬಾಯಿ ಬಿಟ್ಟು ಆಡಬೇಕಾಗಿತ್ತು. ಡಾಕ್ಟರು, "ಏಮಂಟುಂದಿ?" ಎಂದು, ಅವಳು ಏನಂತಾಳೆಂದು ತಿಳಿಯಲು ಅವಸರ ಮಾಡಿದರು. ಅವನು ಗಡಿಯಾರ ನೋಡಿ, "ಅಂತಾ ಬಾಗಾನೇ ಉಂದಿ ಮೇಡಂ," ಎಂದುಬಿಟ್ಟ. ಎಲ್ಲ ಸರಿಯಾಗಿಯೇ ಇದೆ.

ಡಾಕ್ಟರು ಸೊಂಟದ ಎಕ್ಸ್‌ರೇ ಬರೆದರು. ಒಂದು ತಿಂಗಳ ನೋವಿನ ಗುಳಿಗೆ, ಸೊಂಟಕ್ಕೆ ಪಟ್ಟಿ ಬರೆದರು. ಎಲುಬಿಗೇನೂ ಆಗಿರಲಿಕ್ಕಿಲ್ಲ, ಎಕ್ಸ್‌ರೇಯಲ್ಲೂ ಏನೂ ಕಾಣದಿದ್ದರೆ ಪಟ್ಟಿ ಕಟ್ಟಿಕೊಂಡು ಕೆಲಸ ಮಾಡಬಹುದು ಎಂದರು. ಅದನ್ನು ಕೌಸ್ತುಭ ಚೆನ್ನಾಗಿಯೇ ಕನ್ನಡದಲ್ಲಿ ಹೇಳಿದ. ಗದಿಗೆಮ್ಮ, "ಅದಕ್ಕೇನೂ ಅಡ್ಡಿ ಇಲ್ಲಂತೇನ್ರಿ?" ಎಂದು ಕೇಳಿದಳು. ಯಾವುದಕ್ಕೆ ಎಂದು ಅವನು ಕೇಳಲಿಲ್ಲ. "ಏನೂ ಅಡ್ಡಿ ಇಲ್ರಿ," ಎಂದು ಹೇಳಿ ಬಸ್ಸಿಗೆ ಓಡಿದ.

ಇಂಟರ್ವ್ಯೂ ತಂಪಾದ ಕೋಣೆಯಲ್ಲಿ ನಡೆಯಿತು. ಮೂವರು ಕೂತಿದ್ದರು. ತಾಂತ್ರಿಕ ಪ್ರಶ್ನೆಗಳಲ್ಲಿ ಎರಡಕ್ಕೆ ತಡವರಿಸಿದ. ಆಗ ಎಚ್.ಆರ್. ಮೇಡಂ ಅರ್ಜಿ ನೋಡಿ, ದವಾಖಾನೆಯ ಸೇವೆಯಿಂದ ಏನು ಕಲಿತೆ ಎಂದು ಕೇಳಿದರು. ಕೌಸ್ತುಭನ ಬಾಯಿಗೆ ಗದಿಗೆಮ್ಮ ಬಂದಳು. ಭಾಷೆ ಬಾರದೆ ನೋವಿನಿಂದ ನಿಂತಿದ್ದ ಒಬ್ಬ ಕೂಲಿ ಹೆಂಗಸು, ಯಾರಿಗೂ ಅವಳ ಮಾತು ತಿಳಿಯದು, ತಾನು ಸಮಾಧಾನದಿಂದ ಕೂತು ಕೇಳಿದೆ, ಅವಳು ಹೇಳಲು ನಾಚುತ್ತಿದ್ದದ್ದನ್ನೂ ಹೇಳಿಸಿದೆ, ಡಾಕ್ಟರಿಗೆ ತಿಳಿಸಿದೆ. ಹೇಳುತ್ತ ಹೇಳುತ್ತ ಕಥೆಗೆ ಬಣ್ಣ ಏರಿತು. ಹೋಗುವಾಗ ಅವಳು ತಲೆಯ ಮೇಲೆ ಕೈಯಿಟ್ಟು ಹರಸಿದಳು ಎಂದೂ ಸೇರಿಸಿದ. ನಾನು ಅಲ್ಲಿ ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು ಎಂದು ಮುಗಿಸಿದ. ಮೇಡಂ ಪೆನ್ನು ಕೆಳಗಿಟ್ಟು ಅವನನ್ನೇ ನೋಡುತ್ತಿದ್ದರು.

ಅದಾದ ಮೇಲೆ ಅವನು ದವಾಖಾನೆಗೆ ಹೋದದ್ದು ಸರ್ಟಿಫಿಕೇಟು ತರಲು ಮಾತ್ರ. ಅರವತ್ತು ತಾಸಿಗೆ ಇನ್ನೂ ಎಂಟು ತಾಸು ಬಾಕಿ ಇತ್ತು. ಅಲ್ಲಿಯ ಗುಮಾಸ್ತರು ಒಳ್ಳೆಯವರು. ಇರಲಿ ಬಿಡು ಎಂದು ಪೂರ್ತಿ ಅರವತ್ತು ಬರೆದರು, ವಸುಂಧರಾ ಸಹಿ ಹಾಕಿದರು.

ಮೂರು ವಾರದ ಮೇಲೆ ಕಂಪನಿಯ ಪತ್ರ ಬಂತು. ಕೊನೆಯ ವರ್ಷದ ಪ್ರಾಜೆಕ್ಟ್ ಅವರಲ್ಲೇ, ವಾರಕ್ಕೆ ಮೂರು ದಿನ, ಚೆನ್ನಾಗಿ ಮಾಡಿದರೆ ಮುಂದೆ ನೌಕರಿ. ತಂದೆ ಕೋಠಿಗೆ ಹೋಗಿ ಪೇಢೆ ತಂದರು. ತಂಗಿ ಅಮಿತಾ ಪತ್ರವನ್ನು ಗಟ್ಟಿಯಾಗಿ ಎರಡು ಸಲ ಓದಿದಳು. ಅಜ್ಜಿ ತುಳಸಾಬಾಯಿ ಪೇಢೆಯ ಡಬ್ಬಿ ದೇವರ ಮುಂದೆ ಇಡಲು ಹೇಳಿದರು. ತಾಯಿ ಅಡಿಗೆಮನೆಯ ಬಾಗಿಲಾಚೆ ದೂರದಲ್ಲಿ ಕೂತಿದ್ದವರು ಅಲ್ಲಿಂದಲೇ ಕೂಗಿದರು: "ಕೌಸ್ತುಭ, ಡಬ್ಬಿ ನೀನೇ ಇಡೋ. ನಾ ಹೊರಗಾಗೀನಿ."

ಅವನು ಡಬ್ಬಿ ಹಿಡಿದುಕೊಂಡು ನಿಂತ.

ಹುಟ್ಟಿದಾಗಿನಿಂದ ಕೇಳಿದ ಮಾತು. ತಿಂಗಳಿಗೊಮ್ಮೆ ಈ ಮನೆಯಲ್ಲಿ ಯಾರಾದರೂ ಆಡುವ ಮಾತು. ಮನೆಯ ಗಂಡಸರು ಕೇಳಿಯೂ ಕೇಳದ ಹಾಗೆ ಇರುವ ಮಾತು. ದೇವರ ಮುಂದೆ ಡಬ್ಬಿ ಇಟ್ಟು ಬಂದು ಅಜ್ಜಿಯ ಹತ್ತಿರ ಕೂತ. "ಅಜ್ಜಿ, ಎರಡು ತಿಂಗಳಾತು ಹೊರಗಾಗಿಲ್ಲ ಅಂತ ಯಾರರೆ ಅಂದ್ರ?"

ಅಜ್ಜಿ ನಕ್ಕರು. "ಬಸರದಾಳ ಅಂತ. ಇಷ್ಟೂ ತಿಳೀಲಿಲ್ಲೇನೋ ನಿನಗ? ಇಂಜಿನಿಯರ್ ಬ್ಯಾರೆ!"

"ಹಿಂದ ಒಂದು ಹೋಗ್ಯದ ಅಂದ್ರ?"

ಅಜ್ಜಿಯ ನಗು ನಿಂತಿತು. "ಒಂದು ಬಸರು ಇಳಿದದ ಅಂತ. ಪಾಪ, ಯಾರೋ ಅದು?"

"ಯಾರಿಲ್ಲ," ಎಂದು ಎದ್ದು ಹೋದ.

ಮರುದಿನವೇ ದವಾಖಾನೆಗೆ ಓಡಬೇಕಾಗಿತ್ತು. ಅವನು ಓಡಲಿಲ್ಲ. ಎರಡು ದಿನ ತನಗೆ ತಾನೇ ಸಮಾಧಾನ ಹೇಳಿಕೊಂಡ. ಎಕ್ಸ್‌ರೇ ತೆಗೆಯುವವರು ಕೇಳಿರುತ್ತಾರೆ. ಅಲ್ಲಿ ಗೋಡೆಯ ಮೇಲೆ ಗರ್ಭಿಣಿಯರು ಮೊದಲೇ ತಿಳಿಸಬೇಕೆಂದು ಬೋರ್ಡಿದೆ. ಬೋರ್ಡು ತೆಲುಗಿನಲ್ಲಿದೆ, ಅವಳಿಗೆ ಯಾವ ಭಾಷೆಯೂ ಓದಲು ಬಾರದು ಎಂಬುದು ಅವನಿಗೆ ಗೊತ್ತಿತ್ತು. ನಿಜವಾಗಿ ಅವನು ಹೆದರಿದ್ದು ಬೇರೆಯದಕ್ಕೆ. ವಿಷಯ ಹೊರಬಿದ್ದರೆ ಸರ್ಟಿಫಿಕೇಟು ಹೋಗುತ್ತದೆ, ಅದರ ಹಿಂದೆ ಆ ಪತ್ರವೂ ಹೋಗುತ್ತದೆ. ಮಿಯಾಪುರದಲ್ಲಿ ಒಬ್ಬಳು ದಿನಕ್ಕೆ ಎರಡು ಸಲ ಆ ಗುಳಿಗೆ ನುಂಗುತ್ತಿರುವಾಗ ಅವನು ಎರಡು ದಿನ ಕೂತು ಯೋಚಿಸಿದ್ದು ಇದನ್ನು. ಮುಂದೆ ಎಲ್ಲಕ್ಕಿಂತ ಹೆಚ್ಚು ಅವನನ್ನು ಚುಚ್ಚಿದ್ದು ಆ ಎರಡು ದಿನ.

ಮೂರನೆಯ ದಿನ ದವಾಖಾನೆಯ ದಾಖಲೆಯಲ್ಲಿ ಹುಡುಕಿದ. 'ಗದಿಗೆಮ್ಮ ಗಂಡ ಸಾಬಣ್ಣ, ಅಂಬಣ್ಣ ಮೇಸ್ತ್ರಿ ಗುಂಪು, ಮಿಯಾಪುರ' ಎಂದಿತ್ತು. ಪಟಾನ್‌ಚೆರು ಬಸ್ಸು ಹತ್ತಿ ಮಿಯಾಪುರದಲ್ಲಿ ಇಳಿದ. ಈಜುಕೊಳದ ಪಕ್ಕ ನಗುತ್ತಿರುವ ಗಂಡ ಹೆಂಡತಿ ಮಕ್ಕಳ ದೊಡ್ಡ ಜಾಹೀರಾತು ಫಲಕ. ಅದರ ಹಿಂದೆ ಹನ್ನೆರಡು ಅಂತಸ್ತಿನ ಕಾಂಕ್ರೀಟು. ಅದರ ಬುಡದಲ್ಲಿ ತಗಡಿನ ಜೋಪಡಿಗಳು. ಮೇಸ್ತ್ರಿ ಅಂಬಣ್ಣ, ತಲೆಗೆ ಟವೆಲ್ ಸುತ್ತಿದ ಹಿರಿಯ, ಮೇಲೆ ಕೈ ತೋರಿಸಿದ. ಎರಡನೆಯ ಅಂತಸ್ತಿನ ಇಳಿಜಾರಿನಲ್ಲಿ ಗದಿಗೆಮ್ಮ ಸೀರೆಯ ಮೇಲೆ ಸೊಂಟದ ಪಟ್ಟಿ ಬಿಗಿದು, ತಲೆಯ ಮೇಲೆ ಉಸುಕಿನ ಪುಟ್ಟಿ ಹೊತ್ತು ನಡೆಯುತ್ತಿದ್ದಳು.

ಅವನನ್ನು ಕಂಡವಳೇ ಪುಟ್ಟಿ ಇಳಿಸಿ ಬಂದಳು. "ಅಯ್ಯ, ನಮ್ಮ ಕನ್ನಡ ಸರ್ ಬಂದಾರ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. ಜೋಪಡಿಯ ಮುಂದೆ ಒಂದು ಖಾಲಿ ಡಬ್ಬಿ ಬೋರಲು ಹಾಕಿ ಕೂರಿಸಿದಳು. ಚಹಾ ಕಾಸಿದಳು.

"ಸೊಂಟ ಹೆಂಗೈತ್ರಿ?" ಎಂದು ಕೇಳಿದ. ಕೇಳಬೇಕಾದದ್ದು ಅದಲ್ಲ.

"ಭಾಳ ಕಡಿಮಿ ಐತ್ರಿ. ಗುಳಿಗಿ ತಪ್ಪದ ನುಂಗಾಕತ್ತೀನಿ," ಎಂದಳು. ದನಿ ತಗ್ಗಿಸಿ, ನಾಚುತ್ತ ಮುಂದುವರಿಸಿದಳು. "ನನಗ ಹೆದರಿಕಿ ಇತ್ರಿ. ಹಿಂದಿನದು ಹಿಂಗ ಹೊರುವಾಗ ಹೋಗಿದ್ದು. ನೀವ ಡಾಕ್ಟರಮ್ಮಗ ಹೇಳಿದ್ರಿ, ಆಕಿ ಏನೂ ಅಡ್ಡಿ ಇಲ್ಲಂದ್ಲು. ಅದಕ್ಕ ಧೈರ್ಯಲೆ ಹೊರಾಕತ್ತೀನಿ."

ಅವನು ಚಹಾದ ಲೋಟ ನೆಲದ ಮೇಲಿಟ್ಟ. ಆಗಲೇ ಹೇಳಬಹುದಾಗಿತ್ತು. ಅವಳು, ಸಾಬಣ್ಣ, ಅಂಬಣ್ಣ, ಸುತ್ತ ನಿಂತ ಏಳೆಂಟು ಜನ ಅವನ ಮುಖವನ್ನೇ ನೋಡುತ್ತಿದ್ದರು. ಅವನು ಹೇಳಿದ್ದು: "ಡಾಕ್ಟರ್ ಮತ್ತೊಮ್ಮೆ ನೋಡಬೇಕಂತಾರ್ರಿ. ನಾಳೆ ಮುಂಜಾನೆ ಬರ್ರಿ. ಅಲ್ಲೀತನಕ ಗುಳಿಗಿ ತೊಗೋಬ್ಯಾಡ್ರಿ, ಪುಟ್ಟಿ ಹೊರಬ್ಯಾಡ್ರಿ."

"ಯಾಕ್ರಿ, ಏನರೆ ಆಗೈತೇನು?" ಎಂದ ಸಾಬಣ್ಣ.

"ಏನಿಲ್ಲ. ಹಂಗ, ಪರೀಕ್ಷಾ ಮಾಡಾಕ."

ಅಂಬಣ್ಣ ಉಳಿದವರ ಕಡೆ ತಿರುಗಿ, "ನೋಡ್ರಿ, ದವಾಖಾನಿಯವ್ರು ಇಷ್ಟು ದೂರ ಹುಡಿಕ್ಕೊಂಡು ಬಂದು ಕೇಳೋದು ಎಲ್ಲ್ಯರ ಕಂಡೀರೇನು? ನಮ್ಮ ಭಾಷಾದ ಹುಡುಗ, ಅದಕ್ಕ," ಎಂದ. ಹೊರಡುವಾಗ ಗದಿಗೆಮ್ಮ ಹುರಿದ ಶೇಂಗಾ ಕಾಗದದಲ್ಲಿ ಕಟ್ಟಿ ಕೊಟ್ಟಳು. ಬಸ್ಸಿನಲ್ಲಿ ಅದನ್ನು ತಿನ್ನಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ. ಪಕ್ಕದಲ್ಲಿ ಕೂತ ಮುದುಕಿಗೆ ಕೊಟ್ಟುಬಿಟ್ಟ.

ಮರುದಿನ ಗಂಡ ಹೆಂಡತಿ ಇಬ್ಬರೂ ಬಂದರು. ಕೌಸ್ತುಭ ಅವರಿಗಿಂತ ಮುಂಚೆ ಒಳಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಬೇಕೆಂದು ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದ. ಆದರೆ ವಸುಂಧರಾ ತಡವಾಗಿ ಬಂದರು. ಬಂದವರು ನೇರವಾಗಿ ಮೊದಲ ಚೀಟಿಯನ್ನೇ ಕರೆದರು. ಅದು ಗದಿಗೆಮ್ಮನದು. ಮೂವರೂ ಒಳಗೆ ಹೋದರು.

"ಮತ್ತೇನಾಯಿತು?" ಎಂದರು ಡಾಕ್ಟರು ತೆಲುಗಿನಲ್ಲಿ.

"ಮೇಡಂ, ಇವರು ಬಸುರಿ. ಮೂರು ತಿಂಗಳಾಗುತ್ತ ಬಂತು."

ಡಾಕ್ಟರ ಕೈ ನಿಂತಿತು. ಹಳೆಯ ಚೀಟಿ ಎಳೆದುಕೊಂಡು ತಾರೀಖು ನೋಡಿದರು, ಗುಳಿಗೆಯ ಹೆಸರು ನೋಡಿದರು. ಮುಖ ಕೆಂಪಾಯಿತು. ಗದಿಗೆಮ್ಮನ ಕಡೆ ತಿರುಗಿ ಕೂಗಿದರು: "ನಾನು ಅವತ್ತೇ ಕೇಳಿದೆನಲ್ಲ! ಯಾಕೆ ಹೇಳಲಿಲ್ಲ ನೀನು? ಕೇಳಿದಾಗ ಮುಚ್ಚಿಡೋದು, ಆಮೇಲೆ ಬಂದು ಅಳೋದು. ಹೇಳು ಇವಳಿಗೆ ಕೌಸ್ತುಭ, ಈ ಕೂಸಿಗೆ ಏನಾದರೂ ಆದರೆ ತಪ್ಪು ಇವಳದೇ ಅಂತ."

"ಏನಂತಾರ್ರಿ ಸರ್? ಸಿಟ್ಟಾಗ್ಯಾರೇನು?" ಎಂದಳು ಗದಿಗೆಮ್ಮ.

"ಆರಾಮ ಮಾಡಬೇಕಂತಾರ್ರಿ," ಎಂದ ಕೌಸ್ತುಭ.

ಸಾಬಣ್ಣನಿಗೆ ಕೆಲಸದ ಜಾಗದಲ್ಲಿ ಕಲಿತ ನಾಲ್ಕು ತೆಲುಗು ಮಾತು ಗೊತ್ತಿತ್ತು. ಅವನು ಹೆಂಡತಿಯನ್ನೇ ದಿಟ್ಟಿಸಿದ. "ಹಂಗಲ್ಲ. ಯಾಕ ಹೇಳಿಲ್ಲ ಅನ್ನಾಕತ್ತಾರ. ನೀ ಹೇಳೀನಿ ಅಂದಿದ್ದೆಲ್ಲ ನನ್ನ ಮುಂದ? ಹೇಳಿಲ್ಲೇನು?"

"ಹೇಳೀನಿ!"

"ಮತ್ತ ಡಾಕ್ಟರಮ್ಮ ಸುಳ್ಳ ಹೇಳ್ತಾರೇನು?"

ಗದಿಗೆಮ್ಮನ ಕಣ್ಣು ತುಂಬಿ ಬಂದವು. ಅವಳು ಕೌಸ್ತುಭನ ಕಡೆ ತಿರುಗಿದಳು. "ಸರ್, ನೀವ ಇದ್ರೆಲ್ಲ. ಇವಗ ಹೇಳ್ರಿ. ನಾ ಹೇಳಿಲ್ಲೇನ್ರಿ?"

ಅವಳು ಅವನನ್ನೇ ಸಾಕ್ಷಿಗೆ ಕರೆದಿದ್ದಳು. ಆ ಕೋಣೆಯಲ್ಲಿ ಅವಳು ನಂಬಿದ್ದು ಅವನೊಬ್ಬನನ್ನೇ.

"ಹೇಳ್ಯಾರ," ಎಂದ ಕೌಸ್ತುಭ. ಸಾಬಣ್ಣನ ಕಡೆ ತಿರುಗಿದ. ಮತ್ತೆ ಹೇಳಿದ: "ಅವರು ಹೇಳ್ಯಾರ್ರಿ. ನನಗ ತಿಳೀಲಿಲ್ಲ. ತಿಳೀಲಿಲ್ಲ ಅಂತ ನಾ ಮತ್ತ ಕೇಳಲಿಲ್ಲ. ಎಲ್ಲ ಸರಿ ಐತಿ ಅಂತ ಡಾಕ್ಟರಿಗೆ ನಾನೇ ಹೇಳ್ದೆ." ಆಮೇಲೆ ಅದನ್ನೇ ತೆಲುಗಿನಲ್ಲಿ ಡಾಕ್ಟರಿಗೂ ಹೇಳಿದ.

ವಸುಂಧರಾ ಹಳೆಯ ಚೀಟಿಯನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: "ಅವಳು ಏನಂದಳು? ಅವಳ ಮಾತಿನಲ್ಲೇ ಹೇಳು."

"ಹೊರಗಾಗಿಲ್ಲ ಅಂದರು ಮೇಡಂ. ಹೊರಗೆ ಅಂದರೆ ತೆಲುಗಿನಲ್ಲಿ ಬಯಟ..."

"ಬಯಟ!" ಎಂದರು ಡಾಕ್ಟರು. "ನಮ್ಮ ಅಜ್ಜಿಯೂ ಹಾಗೇ ಅನ್ನುತ್ತಿದ್ದಳು. ಆ ಒಂದು ಮಾತನ್ನ ಇದ್ದ ಹಾಗೆ ನನ್ನ ಮುಂದೆ ಇಟ್ಟಿದ್ದರೆ ನನಗೆ ತಿಳೀತಿತ್ತು. ನಿನಗೆ ಅರ್ಥ ಆಗಬೇಕಾಗಿಯೂ ಇರಲಿಲ್ಲ." ಬಾಗಿಲ ಕಡೆ ಕೈ ತೋರಿಸಿದರು. "ನೀನು ಆಚೆ ನಿಲ್ಲು. ಸುಗಲಮ್ಮನ್ನ ಕಳಿಸು."

ಸುಗಲಮ್ಮ ಸೀರೆಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು. ಕೌಸ್ತುಭ ಗೋಡೆಗೆ ಒರಗಿ ನಿಂತ. ಒಳಗಿನಿಂದ ಸುಗಲಮ್ಮನ ದನಿ ಕೇಳುತ್ತಿತ್ತು. ಕೇಳಬೇಕಾದದ್ದನ್ನೆಲ್ಲ ಅವಳು ಒಂದಿಷ್ಟೂ ತಡವರಿಸದೆ, ತನ್ನ ಮಗಳನ್ನು ಕೇಳುವ ಹಾಗೆ ಕೇಳುತ್ತಿದ್ದಳು.

ಸ್ಕ್ಯಾನ್ ಮಾಡಿದರು. ಕೂಸಿನ ಎದೆಬಡಿತ ಸರಿಯಾಗಿತ್ತು. ಒಂದು ಎಕ್ಸ್‌ರೇಯಿಂದ ಬಹುಶಃ ಏನೂ ಆಗಿರಲಿಕ್ಕಿಲ್ಲ, ಗುಳಿಗೆಯ ಬಗ್ಗೆ ಹೆರಿಗೆಯ ತನಕ ಖಂಡಿತ ಹೇಳಲಾಗದು, ಭಾರ ಮಾತ್ರ ಹೊರಲೇಬಾರದು ಎಂದು ಡಾಕ್ಟರು ಹೇಳಿದರೆಂದು ಸುಗಲಮ್ಮನಿಂದ ತಿಳಿಯಿತು. ಅದನ್ನು ಹೇಳಿ ಅವಳು ಕೋಲು ಎತ್ತಿಕೊಂಡು ಹೋದಳು. ಅವನ ಮುಖ ನೋಡಲಿಲ್ಲ.

ಗದಿಗೆಮ್ಮ ಹೊರಬಂದಾಗ ಕೌಸ್ತುಭ ಅಡ್ಡ ನಿಂತ. "ತಪ್ಪಾತ್ರಿ ಅಕ್ಕಾ."

ಅವಳು ಅಳುತ್ತಿರಲಿಲ್ಲ. "ನಾ ನಾಚಿಕಿ ಬಿಟ್ಟು ಹೇಳಿದ್ದೆ," ಎಂದಳು. "ಗಂಡ ಹುಡುಗನ ಮುಂದ ಆ ಮಾತು ಆಡೋದು ನನಗ ಸರಳಿತ್ತೇನು? ಹೊಟ್ಟ್ಯಾಗಿನ ಜೀವಕ್ಕಂತ ಹೇಳಿದ್ದೆ. ನಿಮಗ ಬರೇ ಕೇಳಾಕ ನಾಚಿಕಿ ಬಂತು." ಸೆರಗು ಸರಿಮಾಡಿಕೊಂಡು, "ನಿನ್ನೆ ಮನಿಗೆ ಬಂದಾಗರ ಹೇಳಬೇಕಿಲ್ರಿ? ಎಲ್ಲಾರ ಮುಂದ ನಿಮ್ಮನ್ನ ಹೊಗಳಿದ್ನೆಲ್ಲ," ಎಂದಳು. ಸಾಬಣ್ಣ ಅವಳ ಕೈ ಹಿಡಿದ. ಇಬ್ಬರೂ ಮೆಟ್ಟಿಲು ಇಳಿದು ಹೋದರು.

ಅಂದೇ ಕೌಸ್ತುಭ ಸರ್ಟಿಫಿಕೇಟು ತಂದು ಡಾಕ್ಟರ ಮೇಜಿನ ಮೇಲಿಟ್ಟ. ಎಂಟು ತಾಸು ತಾನು ಬಂದೇ ಇಲ್ಲವೆಂದೂ ಹೇಳಿದ. ಅವರು ಅರವತ್ತನ್ನು ಐವತ್ತೆರಡೆಂದು ತಿದ್ದಿ, ಪಕ್ಕದಲ್ಲಿ ಸಹಿ ಹಾಕಿ ವಾಪಸು ಕೊಟ್ಟರು. "ಇದನ್ನ ಹರಿದುಹಾಕಿದರೆ ನಿನಗೆ ಹಗುರ ಅನ್ನಿಸಬಹುದು. ಅವಳಿಗೇನು ಬಂತು?" ಎಂದರು. "ಬರೋದಾದರೆ ಶನಿವಾರ ಬಾ. ಕುರ್ಚಿಯಲ್ಲಿ ಸುಗಲಮ್ಮ ಕೂರ್ತಾಳೆ. ನೀನು ಪಕ್ಕದಲ್ಲಿ ನಿಂತು ಚೀಟಿ ಬರಿ."

ಸೆಪ್ಟೆಂಬರಿನಲ್ಲಿ ಕಂಪನಿ ಸೇರಿದ. ಮೊದಲ ದಿನ ಹೊಸಬರು ಮೂವತ್ತು ಮಂದಿಯನ್ನು ಒಂದು ಸಭಾಂಗಣದಲ್ಲಿ ಕೂರಿಸಿದರು. ಎಚ್.ಆರ್. ಮೇಡಂ ಕೌಸ್ತುಭನನ್ನು ಎದ್ದು ನಿಲ್ಲಿಸಿ, "ಇವನ ಕಥೆ ನೀವೆಲ್ಲ ಕೇಳಲೇಬೇಕು. ಬೇರೆಯವರ ಮಾತನ್ನ ಕೇಳಿಸಿಕೊಳ್ಳೋದು ಅಂದರೆ ಏನು ಅಂತ ಇವನಿಂದ ಕಲೀಬೇಕು," ಎಂದರು. ಮೈಕು ಕೈಗೆ ಬಂತು.

ಅವನು ನಿಜ ಹೇಳಿದ. ಇಂಟರ್ವ್ಯೂನಲ್ಲಿ ಹೇಳಿದ್ದು ಸುಳ್ಳು, ಅವಳು ನನ್ನ ತಲೆ ಮುಟ್ಟಲೇ ಇಲ್ಲ, ನಾನು ಅವಳ ಮಾತು ಕೇಳಲೇ ಇಲ್ಲ, ನನ್ನಿಂದ ಅವಳ ಕೂಸಿಗೆ ಅಪಾಯ ಆಗಿದೆ. ಈಗ ಕಳಿಸಿಬಿಡುತ್ತಾರೆ ಎಂದುಕೊಂಡ. ಕಳಿಸಲಿ ಎಂದೂ ಅನಿಸುತ್ತಿತ್ತು.

ಅವನು ಮೈಕು ಕೆಳಗಿಟ್ಟ. ಆಮೇಲೆ ಮೇಡಂ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. "ತಪ್ಪು ಒಪ್ಪಿಕೊಳ್ಳೋಕೆ ಎಷ್ಟು ಧೈರ್ಯ ಬೇಕು! ಇದು ಮೊದಲಿನ ಕಥೆಗಿಂತ ಚೆನ್ನಾಗಿದೆ," ಎಂದರು ಮೇಡಂ. ಕಂಪನಿಯ ಪತ್ರಿಕೆಗೆ ಬರೆದುಕೊಡಲು ಕೇಳಿದರು. ಅವನು ಬೇಡ ಎಂದ. ಹೆಸರು ಬದಲಿಸೋಣ ಎಂದರು. ಬೇಡ ಎಂದ. ಅದೂ ಅವನ ದೊಡ್ಡತನ ಎಂದುಕೊಂಡರು. ಊಟದ ಹೊತ್ತಿಗೆ ಪರಿಚಯವಿಲ್ಲದ ಇಬ್ಬರು ಬಂದು ಕೈ ಕುಲುಕಿದರು. ಕೌಸ್ತುಭ ತಟ್ಟೆ ಹಿಡಿದುಕೊಂಡು ಮೂಲೆಯ ಮೇಜಿಗೆ ಹೋಗಿ ಕೂತ. ಗದಿಗೆಮ್ಮನ ನಾಚಿಕೆಯನ್ನು ಎರಡನೆಯ ಸಲ ಮಾರಿದಂತಾಯಿತು ಎನಿಸಿತು.

ಆದರೂ ಅವನು ಆ ಕಂಪನಿ ಬಿಡಲಿಲ್ಲ. ಬಿಡಬೇಕೆಂದು ಅನಿಸಿದ್ದು ನಿಜ. ಮನೆಯಲ್ಲಿ ಅಪ್ಪ ಎಲ್ಲರಿಗೂ ಪೇಢೆ ಹಂಚಿ ಆಗಿತ್ತು, ಅವನಿಗೂ ಆ ನೌಕರಿ ಬೇಕಾಗಿತ್ತು. ವಾರಕ್ಕೆ ಮೂರು ದಿನ 127ಕೆ ಹತ್ತಿ ಹೋದ.

ಶನಿವಾರ ಮಾತ್ರ ದವಾಖಾನೆ. ಸುಗಲಮ್ಮ ಮೊದಮೊದಲು ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು. ಬರುಬರುತ್ತ ಬೆನ್ನು ಆನಿಸಿ ಕೂತಳು. ಅವನ ಜೊತೆ ಮಾತು ಕಡಿಮೆ. ಅವಳು ಹೇಳಿದ್ದನ್ನು ಅವನು ಬರೆಯುತ್ತಿದ್ದ. ಹೆಂಗಸರು ಬಂದರೆ ಎದ್ದು ದೂರ ಹೋಗುತ್ತಿದ್ದ. ಹಿಂದೆ ಬಸ್ಸಿನಲ್ಲಿ ಎದೆ ತುಂಬುತ್ತಿದ್ದ ಆ ಭಾವನೆ ಮತ್ತೆ ಬರಲಿಲ್ಲ.

ಫೆಬ್ರವರಿಯ ಕೊನೆಯಲ್ಲಿ ಒಂದು ಶನಿವಾರ ಮೇಸ್ತ್ರಿ ಅಂಬಣ್ಣ ಕೆಮ್ಮುತ್ತ ಬಂದ. ಕೌಸ್ತುಭನನ್ನು ಗುರುತಿಸಿದ. ಚೀಟಿ ಬರೆಯುತ್ತ ಕೌಸ್ತುಭ ತಲೆ ಎತ್ತದೆ ಕೇಳಿದ: "ಗದಿಗೆಮ್ಮ ಅಕ್ಕ ಹೆಂಗದಾರ್ರಿ ಕಾಕಾ?"

"ಹಡೆದಾಳ್ರಿ. ದೀಪಾವಳಿಗೇ ತವರಿಗೆ ಹೋಗಿದ್ಲು. ಹೆಣ್ಣು ಕೂಸು, ತಾಯಿ ಮಗಳು ಇಬ್ಬರೂ ಆರಾಮ ಅದಾರಂತ ಸಾಬಣ್ಣ ಫೋನ್ ಮಾಡಿದ್ದ."

ಕೌಸ್ತುಭ ಚೀಟಿ ಬರೆದು ಮುಗಿಸಿದ. ಆಮೇಲೆ, ಕೇಳಬಾರದೆಂದು ಗೊತ್ತಿದ್ದೂ ಕೇಳಿದ: "ನನ್ನ ಬಗ್ಗೆ ಏನರೆ ಅಂದಿದ್ರೇನ್ರಿ?"

ಅಂಬಣ್ಣ ನೆನಪಿಸಿಕೊಳ್ಳಲು ನೋಡಿದ. "ಇಲ್ರೀ. ಆಕಿ ನಿಮ್ಮ ಸುದ್ದೀನ ತಗದಿಲ್ಲ."

"ಮತ್ತ ಬರ್ತಾರೇನು ಈ ಕಡೆ?"

"ಯುಗಾದಿ ಆದಮ್ಯಾಲ ಬರಬಹುದ್ರಿ. ಏನರೆ ಹೇಳೋದೈತೇನು?"

ಕೌಸ್ತುಭ ಇಲ್ಲವೆಂದು ತಲೆ ಅಲ್ಲಾಡಿಸಿ ಚೀಟಿ ಚಾಚಿದ. ಅಂಬಣ್ಣ ಅದನ್ನು ತೆಗೆದುಕೊಂಡು, ಟವೆಲಿನಿಂದ ಬಾಯಿ ಮುಚ್ಚಿ ಕೆಮ್ಮುತ್ತ, ಡಾಕ್ಟರ ಕೋಣೆಯ ಮುಂದಿನ ಸಾಲಿಗೆ ಹೋಗಿ ನಿಂತ.